ಚೆಟ್ಟಿಪಾಳಯದಲ್ಲಿ ಗಾಳಿಯ ಲೆಕ್ಕ

ಮೈಸೂರು ಕಡೆಯಿಂದ ಕೊಯಮತ್ತೂರಿಗೆ ಹೋಗುವವರು ಚಾಮರಾಜನಗರ ದಾಟಿ, ಪುಣಜನೂರಿನ ಕಾಡುದಾರಿ ಹಿಡಿದು, ಹಾಸನೂರಿನಲ್ಲಿ ಒಂದು ಚಹಾ ಕುಡಿದು ದಿಂಬಂ ಘಟ್ಟ ಇಳಿಯಬೇಕು. ಒಂದರ ಕೆಳಗೊಂದು 27 ತಿರುವುಗಳು. ಪ್ರತಿ ತಿರುವಿಗೂ ಸಂಖ್ಯೆ ಇರುವುದರಿಂದ ಹೊಟ್ಟೆ ತೊಳಸುವವರಿಗೆ ಇನ್ನೆಷ್ಟು ಉಳಿದಿದೆ ಎಂದು ಎಣಿಸಿಕೊಳ್ಳುವ ಅನುಕೂಲವುಂಟು. ಘಟ್ಟದ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ. ಅಲ್ಲಿ ಲಾರಿ ನಿಲ್ಲಿಸಿದ ಚಾಲಕರು ಅಮ್ಮನಿಗೆ ಕೈಮುಗಿದ ಮೇಲೆ ಒಂದು ಕಬ್ಬಿಣದ ಸರಳು ಹಿಡಿದು ಲಾರಿಯ ಸುತ್ತ ಪ್ರದಕ್ಷಿಣೆ ಬರುತ್ತಾರೆ. ಒಂದೊಂದು ಟೈರಿಗೂ ಒಂದೊಂದು ಪೆಟ್ಟು. ಠಣ್ಣೆಂದರೆ ಗಾಳಿ ಸರಿಯಿದೆ, ಧಬ್ಬೆಂದರೆ ಇಳಿದಿದೆ. ಕಿವಿಯೇ ಅವರ ಮೀಟರು.

ಆ ಪ್ರದಕ್ಷಿಣೆಯನ್ನು ನೋಡಿಕೊಂಡು ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿ ಕೊಯಮತ್ತೂರು ಸೇರಿದರೆ, ಅದೇ ಗಾಳಿಯನ್ನು ಚಿನ್ನದ ಅಂಗಡಿಯ ತಕ್ಕಡಿಯಲ್ಲಿಟ್ಟಂತೆ ತೂಗುವ ಜನ ಸಿಗುತ್ತಾರೆ. ಊರಿನ ದಕ್ಷಿಣಕ್ಕೆ, ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಕಾರು ಓಟದ ಪಥವಿದೆ. ಸುಮಾರು 2.1 ಕಿ.ಮೀ. ಉದ್ದ. ಹೊರಗಿನಿಂದ ನೋಡಿದರೆ ಕಾಂಪೌಂಡು, ಒಣ ಹುಲ್ಲು, ನಾಲ್ಕಾರು ಬೇವಿನ ಮರ, ವಿಶೇಷವೇನೂ ಕಾಣದು. ಒಳಗೆ ಹೋದ ಮೇಲೆ ಮೂಗಿಗೆ ಮೊದಲು ಬಡಿಯುವುದು ಕಾದ ರಬ್ಬರಿನ ವಾಸನೆ.

ಕೊಯಮತ್ತೂರಿಗೂ ಕಾರು ಓಟಕ್ಕೂ ನಂಟು ಹೇಗೆ ಬಂತೆಂದು ಕೇಳುವವರಿಗೆ ಆ ಊರಿನ ಕಸುಬೇ ಉತ್ತರ. ಬಟ್ಟೆ ಗಿರಣಿ, ಪಂಪ್‌ಸೆಟ್ಟು, ಎರಕದ ಕುಲುಮೆ, ಲೇತು ಯಂತ್ರಗಳ ಊರು ಅದು. ಜಿ.ಡಿ. ನಾಯ್ಡು ಅವರಂಥ ಯಂತ್ರಪ್ರೇಮಿ ಬಾಳಿದ ಊರು. ಅವರ ಹೆಸರಿನ ಸಂಸ್ಥೆಯವರ ಹಳೆಯ ಕಾರುಗಳ ಸಂಗ್ರಹಾಲಯ ಇಂದಿಗೂ ಅವಿನಾಶಿ ರಸ್ತೆಯಲ್ಲಿದೆ, ಮಕ್ಕಳನ್ನು ಕರೆದುಕೊಂಡು ಹೋದವರು ನೋಡದೆ ಬರಬಾರದು. ಇಲ್ಲಿನ ಗಿರಣಿ ಮನೆತನವೊಂದರ ಕರಿವರ್ಧನ್ ಎಂಬವರು 1980ರ ದಶಕದಲ್ಲಿ ಮಾರುತಿ 800 ಕಾರಿನ ಎಂಜಿನನ್ನೇ ಬಳಸಿ ಕಡಿಮೆ ಖರ್ಚಿನ ಓಟದ ಕಾರು ರೂಪಿಸಿದರು. ಫಾರ್ಮುಲಾ ಮಾರುತಿ ಎಂದು ಅದರ ಹೆಸರು. ಅಲ್ಲಿಯವರೆಗೆ ಹೊರದೇಶದಿಂದ ತರಿಸಿದ ಹಳೆಯ ಕಾರುಗಳಲ್ಲಿ ಸಿರಿವಂತರು ಆಡುತ್ತಿದ್ದ ಆಟ, ಅದರಿಂದಾಗಿ ಸ್ವಲ್ಪ ಕೆಳಗಿಳಿದು ಹುಡುಗರ ಕೈಗೆ ಬಂತು. 1995ರಲ್ಲಿ ಪುಟ್ಟ ವಿಮಾನವೊಂದರ ಅಪಘಾತದಲ್ಲಿ ಅವರು ತೀರಿಕೊಂಡರು. ಚೆಟ್ಟಿಪಾಳಯದ ಪಥಕ್ಕಿರುವುದು ಅವರ ಹೆಸರೇ. ಅವರ ಕಾರಿನಲ್ಲಿ ಕೈ ಪಳಗಿಸಿಕೊಂಡವರಲ್ಲಿ ಇದೇ ಊರಿನ ನಾರಾಯಣ್ ಕಾರ್ತಿಕೇಯನ್ ಒಬ್ಬರು. ಅವರ ಮಾತು ಮುಂದೆ ಬರುತ್ತದೆ.

ಕನ್ನಡಿಗರಿಗೆ ಈ ಊರು ತೀರ ಪರಕೀಯವೂ ಅಲ್ಲ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ದೇವಾಂಗ ನೇಕಾರರ ಮನೆಗಳಲ್ಲಿ ತಮಿಳು ಬೆರೆತ ಕನ್ನಡ ಈಗಲೂ ಕೇಳಿಸುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಮಾತ್ರ ಇಲ್ಲಿಗೆ ಬರುವುದು ಬೇರೆ ಕಾರಣಕ್ಕೆ. ವಿದ್ಯಾರ್ಥಿಗಳೇ ಒಂಟಿ ಆಸನದ ಪುಟ್ಟ ಕಾರು ಕಟ್ಟಿ, ತಾವೇ ಓಡಿಸಿ ತೋರಿಸುವ ಫಾರ್ಮುಲಾ ಭಾರತ್ ಸ್ಪರ್ಧೆ 2017ರಿಂದೀಚೆಗೆ ಹಲವು ಜನವರಿಗಳಲ್ಲಿ ಇಲ್ಲಿ ನಡೆದಿದೆ. ಬರೀ ವೇಗದ ಸ್ಪರ್ಧೆಯಲ್ಲ ಅದು. ಕಾರನ್ನು ಏಕೆ ಹೀಗೆ ಕಟ್ಟಿದಿರಿ, ಖರ್ಚೆಷ್ಟಾಯಿತು ಎಂದೆಲ್ಲ ಪರೀಕ್ಷಕರು ಕೂತು ಕೇಳುತ್ತಾರೆ. ಆಮೇಲೆ 75 ಮೀಟರಿನ ನೇರ ಓಟ, ಎಂಟರ ಆಕಾರದ ಸುತ್ತು, ಕೊನೆಗೆ ಸುಮಾರು 22 ಕಿ.ಮೀ. ದೂರದ ತಾಳಿಕೆಯ ಓಟ. ಒಟ್ಟು 1000 ಅಂಕಗಳಲ್ಲಿ ದೊಡ್ಡ ಪಾಲು ಈ ಕೊನೆಯದಕ್ಕೇ. ವರ್ಷವಿಡೀ ನಿದ್ದೆಗೆಟ್ಟು ಕಟ್ಟಿದ ಕಾರು ಆ 22 ಕಿ.ಮೀ. ಪೂರೈಸದೆ ನಿಂತುಬಿಡುವುದು ಅಲ್ಲಿ ಅಪರೂಪವೇನಲ್ಲ. ಹಾಗೆ ನಿಂತಾಗ ಕಾಂಪೌಂಡಿನ ಪಕ್ಕ ಕೂತು ಅಳುವ ಗಂಡು ಮಕ್ಕಳನ್ನು ನೋಡಿದ್ದೇನೆ. ಪಕ್ಕದಲ್ಲಿ ಏನು ಹೇಳಬೇಕೆಂದು ತೋಚದೆ ನೀರಿನ ಬಾಟಲಿ ಹಿಡಿದು ನಿಂತ ತಾಯಂದಿರನ್ನೂ ನೋಡಿದ್ದೇನೆ.

ಅಂಥ ಒಂದು ಬೆಳಿಗ್ಗೆ ನಮ್ಮ ಕಡೆಯ ತಂಡವೊಂದರ ಡೇರೆಯಲ್ಲಿ ಟೈರಿನ ಜವಾಬ್ದಾರಿ ಒಬ್ಬ ಹುಡುಗಿಯ ಮೇಲಿತ್ತು. ಕೈಯಲ್ಲಿ ಗಾಳಿ ಅಳೆಯುವ ಮೀಟರು, ಕುತ್ತಿಗೆಗೆ ನೇತುಹಾಕಿದ ಪುಟ್ಟ ನೋಟ್‌ಬುಕ್ಕು. ಪಕ್ಕದ ಕುರ್ಚಿಯಲ್ಲಿ ಅವಳ ತಂದೆ. ಸರ್ಕಾರಿ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಅಭ್ಯಾಸದ ಸುತ್ತು ಮುಗಿಸಿ ಬಂದ ಕಾರಿನ ಬಳಿ ಅವಳು ಓಡಿ, ಬಿಸಿ ಟೈರಿನಿಂದ ಉಸ್ ಉಸ್ಸೆಂದು ಗಾಳಿ ಬಿಡತೊಡಗಿದಾಗ ಅವರಿಗೆ ತಡೆಯಲಾಗಲಿಲ್ಲ.

"ಬಿಸಿ ಟೈರಿಂದ ಗಾಳಿ ತೆಗೀಬಾರದು ಅಂತ ಮೂವತ್ತು ವರ್ಷ ಡಿಪೋ ಹುಡುಗರಿಗೆ ಬೈದಿದೀನಿ. ನೀನು ನೋಡಿದ್ರೆ ಅದನ್ನೇ ಮಾಡ್ತಿದ್ದೀಯಲ್ಲವ್ವ!"

"ಅಪ್ಪ, ನಿಮ್ಮ ಬಸ್ಸು ನಾಳೆ ಬೆಳಿಗ್ಗೆ ತಣ್ಣಗಾಗಿ ಮತ್ತೆ ಓಡಬೇಕು. ಇದು ಇಪ್ಪತ್ತೆರಡು ಕಿಲೋಮೀಟರು ಓಡಿದರೆ ಮುಗೀತು. ಬಿಸಿಯಾದಾಗ ಎಷ್ಟಿರುತ್ತೋ ಅಷ್ಟೇ ನನಗೆ ಲೆಕ್ಕ."

ಇಬ್ಬರ ಮಾತೂ ಸರಿ. ಹೇಗೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತನೆಯ ತರಗತಿಯ ಮೇಲಿನ ಮಕ್ಕಳು ಕಾಗದ ಪೆನ್ಸಿಲು ಹಿಡಿದು ಕೂರಬಹುದು.

ಮುಚ್ಚಿದ ಪಾತ್ರೆಯೊಳಗಿನ ಗಾಳಿ ಕಾದರೆ ಅದರ ಒತ್ತಡ ಏರುತ್ತದೆ, ಉಷ್ಣತೆ ಏರಿದ ಪ್ರಮಾಣದಲ್ಲೇ. ಪುಸ್ತಕದಲ್ಲಿ ಓದಿದ್ದೇ. ಆದರೆ ಲೆಕ್ಕಕ್ಕೆ ಕೂತವರಲ್ಲಿ ಹೆಚ್ಚಿನವರು ಎರಡು ಕಡೆ ಜಾರುತ್ತಾರೆ. ಉಷ್ಣತೆಯನ್ನು ಸೆಲ್ಸಿಯಸ್‌ನಲ್ಲಿ ಇಟ್ಟುಕೊಂಡರೆ ಆಗದು, 273 ಕೂಡಿಸಿ ಕೆಲ್ವಿನ್ ಮಾಡಬೇಕು. ಮೀಟರು ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನದು ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಆದ್ದರಿಂದ ವಾತಾವರಣದ ಒತ್ತಡವನ್ನೂ ಕೂಡಿಸಬೇಕು. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 410 ಮೀಟರು ಎತ್ತರದಲ್ಲಿದೆ. ಅಲ್ಲಿ ಅದು ಚದರ ಅಂಗುಲಕ್ಕೆ ಸುಮಾರು 14 ಪೌಂಡು. ಮನೆಯ ಕಾರಿನ ಟೈರಿಗೆ ಬೆಳಿಗ್ಗೆ 25 ಡಿಗ್ರಿಯಲ್ಲಿ 32 ಪೌಂಡು ತುಂಬಿಸಿದ್ದೀರಿ ಎನ್ನಿ. ನಿಜವಾದ ಒತ್ತಡ 46. ಪಥದಲ್ಲಿ ಕೆಲವು ಸುತ್ತು ಬಿರುಸಾಗಿ ಓಡಿಸಿ ಒಳಗಿನ ಗಾಳಿ 75 ಡಿಗ್ರಿಗೆ ಕಾದರೆ, 46ನ್ನು 348ರಿಂದ ಗುಣಿಸಿ 298ರಿಂದ ಭಾಗಿಸಿ, 14 ಕಳೆಯಿರಿ. ಮೀಟರು ಹತ್ತಿರ ಹತ್ತಿರ 40 ತೋರಿಸುತ್ತದೆ. ಯಾರೂ ತುಂಬಿಸದೆ ಎಂಟು ಪೌಂಡು ಏರಿತು! ಪ್ರತಿ 10 ಡಿಗ್ರಿಗೆ ಸುಮಾರು ಒಂದೂವರೆ ಪೌಂಡು ಎಂದು ಬಾಯಿಲೆಕ್ಕ ಇಟ್ಟುಕೊಂಡರೆ ಸಾಕು.

ಟೈರು ಕಾಯುವುದಾದರೂ ಏಕೆ? ನೆಲಕ್ಕೆ ಒತ್ತಿದ ಭಾಗ ಚಪ್ಪಟೆಯಾಗಿ, ಮೇಲೆದ್ದ ಮೇಲೆ ಮತ್ತೆ ದುಂಡಗಾಗುತ್ತ ರಬ್ಬರು ಪ್ರತಿ ಸುತ್ತಿನಲ್ಲೂ ಮಣಿದು ನೆಟ್ಟಗಾಗುತ್ತಿರುತ್ತದೆ. ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಬಿಸಿಯಾಗುವುದಿಲ್ಲವೆ, ಹಾಗೆ. ಇದರ ಮೇಲೆ ತಿರುವಿನಲ್ಲಿ, ಬ್ರೇಕಿನಲ್ಲಿ ನೆಲಕ್ಕೆ ಉಜ್ಜುವ ಕಾವು. ಊರೊಳಗೆ ತರಕಾರಿ ತರಲು ಹೋದ ಕಾರಿಗೆ ಇದು ಅಷ್ಟಾಗಿ ತಟ್ಟದು. ಪಥದಲ್ಲಿ ಇದೇ ಎಲ್ಲ.

ಬಸ್ಸಿನ ಟೈರಿಗೆ ತಣ್ಣಗಿದ್ದಾಗಲೇ ಅಳೆದು ತುಂಬಿಸಿ, ಕಾದಾಗ ಏರುವುದನ್ನು ಅದರ ಪಾಡಿಗೆ ಬಿಡುತ್ತಾರೆ. ಏಕೆಂದರೆ ಆ ಏರಿಕೆಯನ್ನು ಲೆಕ್ಕ ಹಿಡಿದೇ ತಯಾರಕರು ತಣ್ಣನೆಯ ಅಂಕಿಯನ್ನು ಹೇಳಿರುತ್ತಾರೆ. ಬಿಸಿಯಿದ್ದಾಗ ಹೆಚ್ಚಾಯಿತೆಂದು ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ, ಟೈರು ಹೆಚ್ಚು ಮಣಿಯುತ್ತದೆ, ಮತ್ತಷ್ಟು ಕಾಯುತ್ತದೆ. ಡಿಪೋದ ಆ ಹಿರಿಯರು ಬೈದದ್ದು ಇದಕ್ಕೆ. ಪಥದ ಕಾರಿನವರು ಹಿಂದಿನಿಂದ ಮುಂದಕ್ಕೆ ಲೆಕ್ಕ ಮಾಡುತ್ತಾರೆ. ಕಾದಾಗ ಇಷ್ಟಿರಬೇಕು ಎಂದು ಮೊದಲು ನಿಶ್ಚಯ. ಅದಕ್ಕೆ ಬೆಳಿಗ್ಗೆ ಎಷ್ಟು ತುಂಬಿಸಬೇಕೆಂಬುದು ಆಮೇಲಿನ ಪ್ರಶ್ನೆ.

ಹಾಗಾದರೆ ಕಾದಾಗ ಎಷ್ಟಿರಬೇಕು? ಇದಕ್ಕೆ ಎಲ್ಲ ಕಾರಿಗೂ ಸಲ್ಲುವ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ಗಾಳಿ ಹೆಚ್ಚಾದರೆ ಟೈರಿನ ನಡುಭಾಗ ಉಬ್ಬಿ ನೆಲ ಮುಟ್ಟುವ ಜಾಗ ಕಿರಿದಾಗುತ್ತದೆ. ಕಾರು ಎಣ್ಣೆಯ ಮೇಲೆ ನಡೆದಂತೆ ಜಾರುತ್ತದೆ. ಕಡಿಮೆ ಮಾಡುತ್ತ ಬಂದಂತೆ ಹಿಡಿತ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಅದರ ಕೆಳಗೆ ಟೈರಿನ ಪಕ್ಕೆಗಳು ಸೊರಗಿ, ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಯೋಚಿಸಿ ತಿರುಗುತ್ತದೆ. ಅಂಚುಗಳು ಸವೆಯುತ್ತವೆ, ತೀರ ಕಡಿಮೆಯಾದರೆ ಟೈರು ಚಕ್ರದ ಅಂಚಿನಿಂದ ಕಳಚಿಕೊಳ್ಳಲೂಬಹುದು. ಕಡಿಮೆ ಗಾಳಿಯೇ ಹೆಚ್ಚು ಹಿಡಿತ ಎಂದು ಹುಡುಗರು ಅರ್ಧ ಪಾಠ ಕಲಿತು ಪಥಕ್ಕಿಳಿಯುವುದು ಅಪಾಯ.

ನಡುವಿನ ಆ ಬಿಂದುವನ್ನು ಹುಡುಕಲು ಎರಡು ದಾರಿ. ಮೊದಲನೆಯದಕ್ಕೆ ಎರಡು ರೂಪಾಯಿಯ ಸೀಮೆಸುಣ್ಣ ಸಾಕು. ಟೈರಿನ ಮೇಲ್ಮೈ ಪಕ್ಕೆಗೆ ಮಡಿಚುವ ಹೆಗಲಿನಲ್ಲಿ ಅಡ್ಡ ಗೆರೆ ಎಳೆದು ಎರಡು ಮೂರು ಸುತ್ತು ಓಡಿಸಿ ಬರುವುದು. ಸುಣ್ಣ ಹೆಗಲು ದಾಟಿ ಪಕ್ಕೆಯವರೆಗೆ ಅಳಿಸಿದ್ದರೆ ಗಾಳಿ ಸಾಲದು; ಹೆಗಲಿಗೂ ಬರದೆ ಮೇಲೆಯೇ ಉಳಿದಿದ್ದರೆ ಹೆಚ್ಚಾಗಿದೆ. ಅನೇಕ ಟೈರುಗಳ ಹೆಗಲಿನಲ್ಲಿ ಸಾಸಿವೆಗಿಂತ ತುಸು ದೊಡ್ಡ ತ್ರಿಕೋನದ ಗುರುತಿರುತ್ತದೆ. ಅಳಿಸುವುದು ಅದರ ತುದಿಯವರೆಗೆ ಬಂದು ನಿಂತರೆ ಸುಮಾರಾಗಿ ಸರಿ. ಎರಡನೆಯ ದಾರಿ ಉಷ್ಣತೆ ಅಳೆಯುವುದು. ಕಾರು ಬಂದು ನಿಂತ ಕೂಡಲೇ ಸೂಜಿಮೊನೆಯ ಮಾಪಕವನ್ನು ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ನೋಡುವುದು. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಬಿಸಿಯಿದ್ದು ನಡು ತಣ್ಣಗಿದ್ದರೆ ಕಡಿಮೆ. ಒಂದೇ ಅಂಚು ಬಿಸಿಯಿದ್ದರೆ ಅದು ಗಾಳಿಯ ತಪ್ಪಲ್ಲ, ಚಕ್ರ ನಿಂತ ಓರೆಯದು. ದೂರದಿಂದ ಗುರಿಯಿಟ್ಟು ಅಳೆಯುವ ಪಿಸ್ತೂಲಿನಂಥ ಮಾಪಕ ನೋಡಲು ಚಂದ. ಆದರೆ ಅದು ಮೇಲ್ಮೈಯನ್ನು ಮಾತ್ರ ಬಲ್ಲದು, ಮೇಲ್ಮೈ ನಿಮಿಷದೊಳಗೆ ಆರಿಹೋಗುತ್ತದೆ.

ನಾಲ್ಕೂ ಟೈರಿಗೆ ಒಂದೇ ಅಂಕಿ ಎಂಬ ನಿಯಮವೂ ಇಲ್ಲ. ಗಡಿಯಾರದ ದಿಕ್ಕಿಗೆ ಸುತ್ತುವ ಪಥದಲ್ಲಿ ಬಲ ತಿರುವುಗಳೇ ಹೆಚ್ಚು. ಭಾರವೆಲ್ಲ ಎಡಕ್ಕೆ ವಾಲುವುದರಿಂದ ಎಡ ಟೈರುಗಳು ಹೆಚ್ಚು ಕಾಯುತ್ತವೆ. ಆದ್ದರಿಂದ ಅವಕ್ಕೆ ಬೆಳಿಗ್ಗೆಯೇ ಸ್ವಲ್ಪ ಕಡಿಮೆ ತುಂಬಿಸಿರುತ್ತಾರೆ.

ನಮ್ಮ ಹುಡುಗಿಯ ನೋಟ್‌ಬುಕ್ಕಿಗೆ ಬರೋಣ. ಚಾಲಕನೂ ಸೇರಿ ಅವರ ಕಾರಿನ ತೂಕ 300 ಕಿಲೋ ಮುಟ್ಟುವುದು ಕಷ್ಟ. ಆದ್ದರಿಂದ ಟೈರಿಗೆ ಬೇಕಾದ ಗಾಳಿಯೂ ಕಡಿಮೆ. ಕಾದಾಗ 14 ಪೌಂಡು ಇರಬೇಕೆಂದು ಅವಳು ಮೊದಲೇ ಪರೀಕ್ಷಿಸಿ ಗೊತ್ತುಮಾಡಿಕೊಂಡಿದ್ದಳು. ಒಳಗಿನ ಗಾಳಿ 65 ಡಿಗ್ರಿ ಮುಟ್ಟುತ್ತದೆಂದು ಅವಳ ಅಂದಾಜು. ಬೆಳಗಿನ 20 ಡಿಗ್ರಿ ತಂಪಿನಲ್ಲಿ ತುಂಬಿಸುವುದಾದರೆ 10.3 ಸಾಕು. ಅದೇ ಮಧ್ಯಾಹ್ನ 35 ಡಿಗ್ರಿಯಲ್ಲಾದರೆ 11.5 ಬೇಕು. ಎರಡೂ ಅಂಕಿ ಬೇರೆ ಬೇರೆ ಕಂಡರೂ ಒಳಗಿರುವ ಗಾಳಿ ಅಷ್ಟೇ! ಇದು ತಲೆಗೆ ಹೋಗದ ತಂಡದವರು ಬೆಳಿಗ್ಗೆ ಬರೆದಿಟ್ಟುಕೊಂಡ ಅಂಕಿಗೇ ಮಧ್ಯಾಹ್ನ ಗಾಳಿ ಇಳಿಸಿ, ಟೈರು ಮೆತ್ತಗಾಯಿತೆಂದು ಬೆರಗಾಗುತ್ತಾರೆ. ಬಿಸಿಲಿಗೆ ಬಿದ್ದ ಕಪ್ಪು ಟೈರು ನೆರಳಿನಲ್ಲಿರುವ ಟೈರಿಗಿಂತ ಹೆಚ್ಚು ತೋರಿಸುತ್ತದೆ. ಅದಕ್ಕಾಗಿ ಅವಳು ಬಿಸಿಲು ಬೀಳುವ ಎರಡು ಚಕ್ರಗಳಿಗೆ ಅಮ್ಮನ ಹಳೆಯ ಬೆಡ್‌ಶೀಟು ಹೊದಿಸಿದ್ದಳು. ಟೈರು ಕಾಯಿಸುವ ವಿದ್ಯುತ್ ಕಂಬಳಿ ದೊಡ್ಡ ಓಟಗಳಲ್ಲಿ ಉಂಟು, ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ನಿಷಿದ್ಧ. ತಂಪು ಮಾಡುವ ಬೆಡ್‌ಶೀಟಿಗೆ ಯಾರ ಅಡ್ಡಿಯೂ ಇಲ್ಲ.

ಎಲ್ಲದಕ್ಕೂ ಅವಳು ಬಳಸುತ್ತಿದ್ದುದು ಒಂದೇ ಮೀಟರು. ಬೇರೆಯವರು ಕೇಳಿದರೆ ಕೊಡುತ್ತಿರಲಿಲ್ಲ. ಎರಡು ಮೀಟರುಗಳು ಒಂದೇ ಟೈರಿಗೆ ಒಂದು ಪೌಂಡು ಹೆಚ್ಚುಕಡಿಮೆ ಹೇಳುವುದು ಸಾಮಾನ್ಯ. 32ರಲ್ಲಿ ಒಂದು ಹೋದರೆ ಪರವಾಗಿಲ್ಲ, 11ರಲ್ಲಿ ಒಂದು ಹೋದರೆ ದಿನವೇ ಹೋಯಿತು. ಬೆಂಗಳೂರಿನಲ್ಲಿ ಅಳೆದು ಟ್ರಕ್ಕಿಗೆ ಹೇರಿ ತಂದ ಕಾರಿನ ಟೈರು ಇಲ್ಲಿ ಅದೇ ಉಷ್ಣತೆಯಲ್ಲಿ ಮುಕ್ಕಾಲು ಪೌಂಡಿನಷ್ಟು ಕಡಿಮೆ ತೋರಿಸುತ್ತದೆ ಎಂದೂ ಅವಳೇ ಹೇಳಿದಳು. ಗಾಳಿ ಸೋರಿದ್ದಲ್ಲ. ಬೆಂಗಳೂರಿಗಿಂತ ಕೊಯಮತ್ತೂರು 500 ಮೀಟರು ತಗ್ಗಿನಲ್ಲಿದೆ, ಹೊರಗಿನ ಗಾಳಿಯ ಒತ್ತು ಅಷ್ಟು ಹೆಚ್ಚು. ತಂದೆ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಘಟ್ಟದ ಕೆಳಗಿನ ಡಿಪೋಗಳ ಯಾವುದೋ ಹಳೆಯ ತಕರಾರು ನೆನಪಾಗಿರಬೇಕು.

ಬೆಳಿಗ್ಗೆ ಹತ್ತಕ್ಕೆ ಎಂದಿದ್ದ ಅವರ ಸರದಿ ಮಧ್ಯಾಹ್ನ ಎರಡಕ್ಕೆ ಜಾರಿತು. ಮೊದಲು ಓಡಿಸಬೇಕಾದ ಹುಡುಗ ಇನ್ನೂ ಅರ್ಧ ಪೌಂಡು ಇಳಿಸೆಂದು ಹಟ ಹಿಡಿದ. ಮೊದಲ ಎರಡು ಸುತ್ತಿನಲ್ಲಿ ಹಿಡಿತ ಚೆನ್ನಾಗಿರುತ್ತದೆ ಎಂದು ಅವನ ವಾದ. ಕೊನೆಯ ಎಂಟು ಕಿಲೋಮೀಟರು ಏನು ಮಾಡ್ತೀಯ ಎಂದು ಅವಳ ಪ್ರಶ್ನೆ. ಡೇರೆಯಲ್ಲಿ ಎರಡು ಪಕ್ಷವಾಯಿತು. ಕೊನೆಗೆ ನೋಟ್‌ಬುಕ್ಕು ಗೆದ್ದಿತು. ರಸ್ತೆ ಕಾದು ಹೊಗೆಯಾಡುವಂತಿದ್ದುದರಿಂದ ಟೈರು ಅಂದಾಜಿಗಿಂತ ತುಸು ಹೆಚ್ಚೇ ಕಾಯುತ್ತದೆಂದು ಅವಳು ಮುಂದಿನ ಎರಡಕ್ಕೆ 11.3 ಇಟ್ಟಳು. ಕಾರು 22 ಕಿ.ಮೀ. ಪೂರೈಸಿ ಬಂತು. ಯಾರಿಗಿಂತಲೂ ವೇಗವಾಗಿ ಅಲ್ಲ, ಪೂರೈಸಿತು ಅಷ್ಟೆ. ಎಲ್ಲರೂ ಚಾಲಕನನ್ನು ಎತ್ತಿ ಕುಣಿಯುತ್ತಿರುವಾಗ ಅವಳು ಮಂಡಿಯೂರಿ ಮುಂದಿನ ಚಕ್ರಕ್ಕೆ ಮೀಟರು ಹಚ್ಚಿದಳು. 14.2. ತಂದೆ ಬಗ್ಗಿ ನೋಡಿ, "ಪರವಾಗಿಲ್ಲ ಕಣವ್ವ" ಎಂದರು. ಡಿಪೋದವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಟೈರನ್ನು ನಂಬುವಂತಿಲ್ಲ ಎಂದಾದಾಗ ಎಂಥವರೂ ಕೈಚೆಲ್ಲಬೇಕಾಗುತ್ತದೆ ಎಂಬುದಕ್ಕೆ ಕೊಯಮತ್ತೂರಿನವರು ಮರೆಯದ ಸಾಕ್ಷಿಯೊಂದಿದೆ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಆ ವರ್ಷ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಓಟ. ಅಲ್ಲಿನ ಕೊನೆಯ ತಿರುವು ಬಟ್ಟಲಿನ ಅಂಚಿನಂತೆ ಓರೆ. ಕಾರು ಅಲ್ಲಿ ಪೂರ್ಣ ವೇಗದಲ್ಲಿ ನುಗ್ಗುವಾಗ ಟೈರಿನ ಪಕ್ಕೆಯ ಮೇಲೆ ಬೀಳುವ ಹೊರೆ ವಿಪರೀತ. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶುಮಾಕರ್ ಅವರ ಕಾರಿನ ಟೈರು ಅಲ್ಲಿಯೇ ಕೈಕೊಟ್ಟು ಗೋಡೆಗೆ ಬಡಿಯಿತು. ಆ ತಿರುವನ್ನು ನಮ್ಮ ಟೈರು ತಡೆಯುತ್ತದೆಂದು ಭರವಸೆ ಕೊಡಲಾರೆವು ಎಂದು ಮಿಷೆಲಿನ್ ಕಂಪನಿ ತನ್ನ ಏಳು ತಂಡಗಳಿಗೆ ಹೇಳಿಬಿಟ್ಟಿತು. ಭಾನುವಾರ 20 ಕಾರುಗಳು ಹೊರಟವು. ಓಟ ಆರಂಭವಾಗುವ ಮುಂಚಿನ ಸುತ್ತಿನ ಕೊನೆಗೆ 14 ಕಾರುಗಳು ಸಾಲಾಗಿ ಒಳಗೆ ಹೋಗಿ ನಿಂತವು. ಬ್ರಿಜ್‌ಸ್ಟೋನ್ ಟೈರಿನ ಆರು ಕಾರುಗಳಷ್ಟೇ ಓಡಿದವು, ಜನ ಕೂಗಾಡಿದರು. ಅಂದು ಕಾರ್ತಿಕೇಯನ್ ನಾಲ್ಕನೆಯವರಾಗಿ ಐದು ಅಂಕ ಪಡೆದರು. ಆರೇ ಕಾರಿನ ಓಟ ಎಂದು ಮೂಗು ಮುರಿಯುವವರು ಇದ್ದಾರೆ. ನನಗೇನೋ ಅದು ಸರಿಕಾಣದು. ಅವರ ಕೆಲಸ ಓಡಿಸುವುದು, ಓಡಿಸಿದರು. ಆ 14 ಕಾರುಗಳನ್ನು ಒಳಗೆ ಕರೆದವರನ್ನೂ ಹೇಡಿಗಳೆನ್ನಲಾಗದು.

ಹತ್ತು ವರ್ಷದ ನಂತರ, 2015ರಲ್ಲಿ ಇಟಲಿಯ ಮೊನ್ಜಾದಲ್ಲಿ ಲೂಯಿಸ್ ಹ್ಯಾಮಿಲ್ಟನ್ ಗೆದ್ದ ಮೇಲೂ ಗಂಟೆಗಟ್ಟಲೆ ವಿಚಾರಣೆ ನಡೆಯಿತು. ಅವರ ಒಂದು ಟೈರಿನ ಗಾಳಿ ನಿಗದಿತ ಕನಿಷ್ಠ ಮಟ್ಟಕ್ಕಿಂತ 0.3 ಪೌಂಡು ಕಡಿಮೆ ಕಂಡಿತ್ತು. ಅಳೆದದ್ದು ಯಾವ ಉಷ್ಣತೆಯಲ್ಲಿ ಎಂಬ ಪ್ರಶ್ನೆಯೇ ಅಲ್ಲೂ ಎದ್ದದ್ದು. ಗೆಲುವು ಉಳಿಯಿತು.

ಸ್ಪರ್ಧೆಗಳಿಲ್ಲದ ದಿನಗಳಲ್ಲಿ ಇಂಥ ಪಥಗಳಿಗೆ ಮನೆಯ ಕಾರು, ಬೈಕು ತಂದು ಹಣ ಕಟ್ಟಿ ಓಡಿಸುವ ಅವಕಾಶ ಆಗೀಗ ಇರುತ್ತದೆ. ರಸ್ತೆಯಲ್ಲಿ ಹುಚ್ಚಾಟವಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು, ಮಗ ಕೇಳಿದರೆ ಬೇಡವೆನ್ನಬೇಡಿ. ತಾಯ್ತಂದೆಯರು ಗಮನಿಸಬೇಕಾದದ್ದು ಪಥದ ಸುತ್ತುಗಳನ್ನಲ್ಲ. ಅಲ್ಲಿ ಹೆಲ್ಮೆಟ್ಟಿದೆ, ನೋಡಿಕೊಳ್ಳುವವರಿದ್ದಾರೆ, ಎದುರಿನಿಂದ ಲಾರಿ ಬರುವುದಿಲ್ಲ. ನೋಡಬೇಕಾದದ್ದು ಸಂಜೆ ಮನೆಗೆ ಹೊರಡುವ ಹೊತ್ತು.

ಬೆಳಗಿನ 32 ಪೌಂಡು ಪಥದಲ್ಲಿ 40 ಆಯಿತೆಂದೆನಲ್ಲ. ಹುಡುಗ ಅದನ್ನು 34ಕ್ಕೆ ಇಳಿಸಿ ಇಡೀ ದಿನ ಸುಖವಾಗಿ ಓಡಿಸುತ್ತಾನೆ. ಸಂಜೆ ಟೈರು 25 ಡಿಗ್ರಿಗೆ ತಣಿದಾಗ ಅದರಲ್ಲಿ ಉಳಿದಿರುವುದು 27 ಮಾತ್ರ. ಈಗ ಅದೇ ಕಾರಿಗೆ ನಾಲ್ಕು ಜನ ಹತ್ತುತ್ತಾರೆ, ಹಿಂದೆ ಚೀಲಗಳು, ಸ್ಟೆಪ್ನಿಯ ಮೇಲೆ ಕೊಯಮತ್ತೂರಿನ ಮೈಸೂರುಪಾಕಿನ ಡಬ್ಬಿಗಳು. ದಿಂಬಂ ಘಟ್ಟದಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಪ್ರಾಣಿಗಳ ಸಲುವಾಗಿ. ಗೇಟು ಹಾಕುವುದರೊಳಗೆ ಬಣ್ಣಾರಿ ಮುಟ್ಟಬೇಕೆಂಬ ಅವಸರದಲ್ಲಿ ಗಾಳಿಯ ಮಾತು ಯಾರಿಗೂ ನೆನಪಾಗದು. ಸೇಲಂ ಹೆದ್ದಾರಿ ಹಿಡಿದವರದು ಇನ್ನೂ ಕಷ್ಟ. ಐದು ಪೌಂಡು ಕಡಿಮೆಯಿರುವ ಟೈರು ಭಾರ ಹೊತ್ತು ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಮೂರು ನಾಲ್ಕು ಗಂಟೆ ಮಣಿಯುತ್ತಲೇ ಇರುತ್ತದೆ. ಪಥದಲ್ಲಿ ಹಗಲಿಡೀ ಬೆಂದ ಟೈರು ಅದು.

ಕಾರಿನ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಇಬ್ಬರು ಕೂತರೆ ಇಷ್ಟು, ತುಂಬು ಭಾರಕ್ಕೆ ಇಷ್ಟು ಎಂದು ಎರಡು ಅಂಕಿಗಳು. ಅದು ತಣ್ಣನೆಯ ಟೈರಿನ ಅಂಕಿ. ಪಥದಿಂದ ಹೊರಬಂದ ಮೇಲೆ ಟೈರು ಪೂರ್ತಿ ತಣಿಯುವವರೆಗೆ ನೆರಳಿನಲ್ಲಿ ನಿಲ್ಲಿಸಿ, ಊಟ ಮುಗಿಸಿ, ತುಂಬು ಭಾರದ ಅಂಕಿಗೆ ಗಾಳಿ ತುಂಬಿಸಿ. ಸ್ಟೆಪ್ನಿಗೂ ನೋಡಿ. ಟೈರಿನ ಪಕ್ಕೆಗಳ ಮೇಲೆ, ಒಳಬದಿಗೂ ಕೈಯಾಡಿಸಿ. ಉಬ್ಬು, ಸೀಳು ಏನಾದರೂ ಇದ್ದರೆ ಅಂದು ಕೊಯಮತ್ತೂರಿನಲ್ಲೇ ಉಳಿದುಕೊಳ್ಳಿ. ಬಂಕಿನವರು ಸಾರಜನಕ ಹಾಕಲೇ ಎಂದು ಕೇಳುತ್ತಾರೆ. ಅದರ ಗುಣ ತೇವವಿಲ್ಲದಿರುವುದಷ್ಟೆ. ಸಾಧಾರಣ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ. ಹಾಕಿಸಿದರೆ ತೊಂದರೆಯಿಲ್ಲ, ಹಾಕಿಸದಿದ್ದರೂ ನಷ್ಟವಿಲ್ಲ.